ಗಾಲಿ ನೆಲ ಮುಟ್ಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಕೆಳಗಿನ ಪ್ರಕರಣ ನಡೆದದ್ದಲ್ಲ, ಕಟ್ಟಿಕೊಂಡದ್ದು. ಕೊಳ್ಳೇಗಾಲ ಸೀಮೆಯ ಕುಂತೂರಿನ ಹೊಲದಲ್ಲಿ ವಿಮಾನ ಇಳಿದ ದಾಖಲೆಗಾಗಿ ಯಾರೂ ತಡಕಾಡಬೇಕಾಗಿಲ್ಲ. ಆದರೆ ಇದರಲ್ಲಿ ಬರುವ ಗಾಳಿ ನಿಜದ್ದು, ಆ ಬಗೆಯ ವಿಮಾನ ನಿಜದ್ದು, ಆ ಗಾಳಿಗೆ ಅದು ಮಗುಚಿಕೊಳ್ಳುವ ರೀತಿಯೂ ನಿಜದ್ದೇ. ನಡೆದ ಪ್ರಕರಣವನ್ನೇ ಎತ್ತಿಕೊಂಡರೆ ಒಂದು ತೊಡಕಿದೆ. ಹೆಸರು ಸಿಕ್ಕಿದ ಕೂಡಲೇ ನಾವು ತಪ್ಪನ್ನು ಬಿಟ್ಟು ಮನುಷ್ಯನ ಬೆನ್ನು ಹತ್ತುತ್ತೇವೆ.

ಕೊಳ್ಳೇಗಾಲ, ಯಳಂದೂರು ಸೀಮೆಗೆ ಮುಂಗಾರು ಮಳೆಯಾಗಿ ಬರುವುದಕ್ಕಿಂತ ಗಾಳಿಯಾಗಿ ಬರುವುದೇ ಹೆಚ್ಚು. ಮಳೆಯ ಬಹುಪಾಲು ಪಶ್ಚಿಮ ಘಟ್ಟದ ಆಚೆಗೇ ಸುರಿದುಹೋಗುತ್ತದೆ. ಒಣಗಿದ ಗಾಳಿ ಇತ್ತ ದಾಟುತ್ತದೆ. ಇಲ್ಲಿನ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆಷಾಢದಲ್ಲಿ ಹಗಲೆಲ್ಲ ಪಡುವಣದಿಂದ ಬೀಸುವ ಗಾಳಿ ಮಣ್ಣನ್ನೂ ತರಗನ್ನೂ ಎಬ್ಬಿಸಿ, ಗೊನೆ ಹೊತ್ತ ಬಾಳೆಯನ್ನು ನಡುವಿಗೇ ಮುರಿಯುತ್ತದೆ. ಗಳ ಆನಿಸದೆ ಉದಾಸೀನ ಮಾಡಿದವನ ತೋಟ ಸಂಜೆಯಾಗುವಷ್ಟರಲ್ಲಿ ಚಾಪೆ ಹಾಸಿದ ಹಾಗೆ ಮಲಗಿರುವುದುಂಟು. ಗಾಳಿ ಒಂದೇ ಸಮ ಬೀಸುವುದೂ ಇಲ್ಲ. ತಡೆದು, ಉಸಿರು ಹಿಡಿದು, ಮತ್ತೆ ರಪ್ಪನೆ ಹೊಡೆಯುತ್ತದೆ. ಹೊತ್ತು ಮುಳುಗಿದ ಮೇಲೆ ಅದರ ಸೊಕ್ಕು ತುಸು ಇಳಿಯುತ್ತದೆ. ಬಾಳೆ ಬೆಳೆದವರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಪ್ರಕರಣ. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಪುಷ್ಪಕ್ ವಿಮಾನ ದಿನಬಳಕೆಯಲ್ಲಿದ್ದ ಕಾಲ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿಯುತ್ತಿರುವ ಇಪ್ಪತ್ತೆರಡರ ಹುಡುಗನೊಬ್ಬ ಒಬ್ಬಂಟಿಯಾಗಿ ಮೈಸೂರಿನ ಮಂಡಕಳ್ಳಿಗೆ ಹೊರಟಿದ್ದಾನೆ. ಧೂಳು ಕವಿದು ನೆಲದ ಗುರುತುಗಳು ಮಸುಕಾಗಿವೆ. ಪಡುವಣ ಗಾಳಿ ತನ್ನನ್ನು ಎಡಕ್ಕೆ ಎಡಕ್ಕೆ ಸರಿಸುತ್ತಿರುವುದು ಅವನ ಗಮನಕ್ಕೆ ಬಂದಿಲ್ಲ. ಕಾವೇರಿ ದಾಟಿದ್ದಾನೆ. ಮುಂದೆ ಬಿಳಿಗಿರಿರಂಗನ ಬೆಟ್ಟದ ಸಾಲು ಗೋಡೆಯ ಹಾಗೆ ಎದ್ದಾಗ, ಇದು ಚಾಮುಂಡಿ ಬೆಟ್ಟವಲ್ಲ ಎಂದು ಎದೆ ಧಸಕ್ಕೆಂದಿದೆ. ಪೆಟ್ರೋಲ್ ಇನ್ನೂ ಇದೆ, ಆದರೆ ದಾರಿ ಹುಡುಕುತ್ತ ಸುತ್ತುವಷ್ಟು ಇಲ್ಲ. ಕುಂತೂರಿನ ಹೊರಗೆ ಬೀಳು ಬಿಟ್ಟ ಉದ್ದನೆಯ ಹೊಲವೊಂದು ಕಾಣುತ್ತದೆ. ಅವನು ಗಾಳಿಗೆ ಎದುರಾಗಿ, ಮೂಡಣದಿಂದ ಪಡುವಣಕ್ಕೆ ಇಳಿಯುತ್ತಾನೆ.

ಚೆನ್ನಾಗಿಯೇ ಇಳಿಯುತ್ತಾನೆ. ಎಂಜಿನ್ ಸರಿಯಿರುವಾಗಲೇ, ಪೆಟ್ರೋಲ್ ಇರುವಾಗಲೇ ನೆಲ ಹುಡುಕಿದ್ದು ವಿವೇಕ. ಗಾಳಿಯ ದಿಕ್ಕು ನೋಡಿ ಇಳಿದದ್ದು ಕೌಶಲ. ಎದುರುಗಾಳಿಗೆ ಓಟವೂ ಕಿರಿದಾಗಿ, ವಿಮಾನ ಹೊಲದ ಕಾಲು ಭಾಗ ಮುಂದೆ ಉಳಿದಿರುವಾಗಲೇ ನಿಲ್ಲುತ್ತದೆ. ದನ ಕಾಯುವ ಹುಡುಗರು, ಹೊಲದ ಬದುವಿನಲ್ಲಿದ್ದ ಆಳುಗಳು, ತಲೆಗೆ ಟವೆಲ್ ಸುತ್ತಿದ ಹಿರಿಯರೊಬ್ಬರು, ಎಲ್ಲರೂ ಓಡಿ ಬರುತ್ತಾರೆ. ಇವನು ಎಂಜಿನ್ ನಿಲ್ಲಿಸದೆ ಬಾಗಿಲು ತೆರೆದು, ಮೈಸೂರು ಯಾವ ಕಡೆ ಎಂದು ಕೂಗಿ ಕೇಳುತ್ತಾನೆ. ಹಿರಿಯರು ಗಾಳಿ ಬರುತ್ತಿದ್ದ ದಿಕ್ಕಿಗೇ ಕೈ ತೋರಿಸುತ್ತಾರೆ.

“ಗಾಳಿ ಜೋರಾಗದೆ ಬುದ್ದಿ. ನಾಕ್ ಜನ ಹಿಡ್ಕತೀವಿ, ಈಗ್ಲೇ ಯಾಕ್ ಹೊಂಟೀರಿ? ಹೊತ್ ಮುಳುಗ್ಲಿ ಬುಡಿ.”

“ಬೇಡ ಯಜಮಾನ್ರೇ, ಹತ್ರ ಬರಬೇಡಿ. ಮುಂದೆ ಫ್ಯಾನ್ ತಿರುಗ್ತಿದೆ. ಎಲ್ಲರನ್ನೂ ದೂರ ನಿಲ್ಲಿಸಿ.”

“ಆಯ್ತು ಬುದ್ದಿ.”

ಮತ್ತೆ ಏರಬೇಕಾದರೂ ಗಾಳಿಗೆ ಎದುರಾಗಿಯೇ ಏರಬೇಕು. ಅದಕ್ಕೆ ಹೊಲದ ಮೂಡಣ ತುದಿಗೆ ವಾಪಸು ಹೋಗಬೇಕು. ಅಂದರೆ ಗಾಳಿಗೆ ಬೆನ್ನು ಕೊಟ್ಟು ನೆಲದ ಮೇಲೆ ಓಡಿಸಬೇಕು. ಪೈಲಟ್‌ಗಳು ಇದನ್ನು ಟ್ಯಾಕ್ಸಿ ಮಾಡುವುದು ಎನ್ನುತ್ತಾರೆ. ವಿಮಾನ ತಿರುಗಲು ಒಪ್ಪುವುದಿಲ್ಲ, ಮೂಗು ಮತ್ತೆ ಮತ್ತೆ ಗಾಳಿಯ ಕಡೆಗೇ ಹೊರಳುತ್ತದೆ. ಇವನು ಎಂಜಿನ್ ಏರಿಸಿ, ಒಂದು ಬದಿಯ ಬ್ರೇಕ್ ಒತ್ತಿ, ಬಲವಂತದಿಂದ ತಿರುಗಿಸುತ್ತಾನೆ. ಇಳಿಯುವಾಗ ಹಿಂದಕ್ಕೆ ಎಳೆದು ಹಿಡಿದಿದ್ದ ಕಂಟ್ರೋಲ್ ಇನ್ನೂ ಹಿಂದಕ್ಕೇ ಇದೆ. ಇಪ್ಪತ್ತು ಗಜ ಹೋಗುವಷ್ಟರಲ್ಲಿ ಹಿಂದಿನಿಂದ, ಓರೆಯಾಗಿ, ಒಂದು ಹೊಡೆತ ಬೀಳುತ್ತದೆ. ಬಾಲ ಏಳುತ್ತದೆ, ಹಿಂದೆಯೇ ಒಂದು ರೆಕ್ಕೆ. ಪ್ರೊಪೆಲ್ಲರ್ ಮಣ್ಣು ಕಚ್ಚಿ ಎಂಜಿನ್ ಗಕ್ಕನೆ ನಿಲ್ಲುತ್ತದೆ. ಒಂದು ಗಳಿಗೆ ಮೂಗಿನ ಮೇಲೆ ನಿಂತ ವಿಮಾನ ಆಮೇಲೆ ಅಂಗಾತ ಬೀಳುತ್ತದೆ.

ಹುಡುಗ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಪೆಟ್ರೋಲ್ ವಾಸನೆ. ಹಿರಿಯರು ಮಾಡಿದ ಮೊದಲ ಕೆಲಸ, ಪಕ್ಕದವನ ಬಾಯಿಂದ ಬೀಡಿ ಕಿತ್ತು ಕಾಲಲ್ಲಿ ಹೊಸಕಿದ್ದು. ಆಮೇಲೆ ನಾಲ್ಕು ಜನ ಸೇರಿ ಇವನನ್ನು ಎಳೆದು ತೆಗೆದರು. ಮೈಗೆ ಏನೂ ಆಗಿಲ್ಲ. ಮಾದಪ್ಪ ಕಾಪಾಡಿದ ಎಂದರು. ಮಾದಪ್ಪನ ಕಥೆಯಲ್ಲಿ ಮಠವಿರುವ ಊರಿನವರು ಬೇರೆ ಯಾರ ಹೆಸರು ಹೇಳಿಯಾರು?

ವಿಮಾನಕ್ಕೆ ಆದದ್ದೇನು ಎಂಬುದನ್ನು ಬಿಡಿಸಿ ನೋಡದೆ ಹುಡುಗನ ನಡತೆಯನ್ನು ತೂಗಲು ಬರುವುದಿಲ್ಲ. ಪುಷ್ಪಕ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ್ದು. ಮೊದಲ ಹಾರಾಟ 1958ರ ಸೆಪ್ಟೆಂಬರ್ 28ರಂದು. ಬಟ್ಟೆ ಹೊದಿಸಿದ ಮೈ, ಅಕ್ಕಪಕ್ಕ ಎರಡು ಸೀಟು, 90 ಅಶ್ವಶಕ್ತಿಯ ಎಂಜಿನ್, ಖಾಲಿ ತೂಕ ಸುಮಾರು 400 ಕಿಲೋ. ರೆಕ್ಕೆ ತಲೆಯ ಮೇಲೆ, ಉದ್ದ ತುದಿಯಿಂದ ತುದಿಗೆ ಸುಮಾರು 11 ಮೀಟರ್. ಮುಂದೆ ಎರಡು ದೊಡ್ಡ ಗಾಲಿ, ಬಾಲದಡಿ ಒಂದು ಪುಟ್ಟ ಗಾಲಿ. ವಿ. ಎಂ. ಘಾಟಗೆಯವರ ತಂಡ ರೂಪಿಸಿ 1951ರ ಆಗಸ್ಟ್ 5ರಂದು ಮೊದಲು ಹಾರಿದ ಎಚ್‌ಟಿ-2 ಕೂಡ ಬಾಲದ ಗಾಲಿಯದೇ; ಬೀದರಿನಲ್ಲಿ ವಾಯುಪಡೆಯ ಹುಡುಗರು ಎಷ್ಟೋ ವರ್ಷ ಕಲಿತದ್ದು ಅದರಲ್ಲಿ. ಇಂದು ಕಲಿಯುವವರು ಹೆಚ್ಚಾಗಿ ಕೂರುವುದು ಮೂಗಿನಡಿ ಗಾಲಿಯಿರುವ ಸೆಸ್ನಾಗಳಲ್ಲಿ. ಅವು ಇಷ್ಟು ಕಾಡುವುದಿಲ್ಲ.

ಬಾಲದ ಗಾಲಿಯ ವಿಮಾನದಲ್ಲಿ ಭಾರದ ಕೇಂದ್ರ ದೊಡ್ಡ ಗಾಲಿಗಳ ಹಿಂದಿರುತ್ತದೆ. ಕುಂತೂರಿನ ಸಕ್ಕರೆ ಕಾರ್ಖಾನೆ ಯಾರ್ಡಿನಲ್ಲಿ ಕಬ್ಬು ತುಂಬಿದ ಟ್ರೇಲರನ್ನು ರಿವರ್ಸ್ ತೆಗೆದವರಿಗೆ ಇದು ಅರ್ಧ ಅರ್ಥವಾದಂತೆಯೇ. ಮುಂದಕ್ಕೆ ಎಳೆದರೆ ಟ್ರೇಲರ್ ತಾನಾಗಿ ನೆಟ್ಟಗಾಗುತ್ತದೆ; ಹಿಂದಿನಿಂದ ತಳ್ಳಿದರೆ ಚೂರು ಓರೆ ಬಂದದ್ದು ಇನ್ನಷ್ಟು ಓರೆಯಾಗುತ್ತ ಹೋಗಿ ಕೊನೆಗೆ ಮಡಚಿಕೊಳ್ಳುತ್ತದೆ. ಬಾಲದ ಗಾಲಿಯ ವಿಮಾನವೂ ನೆಲದ ಮೇಲೆ ಹೋಗುವಾಗ ಹೀಗೆ ಹಿಂದಿನ ಭಾರದಿಂದ ತಳ್ಳಿಸಿಕೊಂಡೇ ಹೋಗುತ್ತಿರುತ್ತದೆ. ಓರೆ ಹುಟ್ಟಿದ ಕ್ಷಣವೇ ಕಾಲಿನಿಂದ ತಿದ್ದಬೇಕು. ತಡವಾದರೆ ಅದು ತನ್ನ ಸುತ್ತ ತಾನೇ ಗಿರಕಿ ಹೊಡೆಯುತ್ತದೆ. 1937ರ ಮಾರ್ಚಿನಲ್ಲಿ ಹೊನೊಲುಲುವಿನಲ್ಲಿ ಅಮೀಲಿಯಾ ಇಯರ್‌ಹಾರ್ಟ್‌ರ ಎಲೆಕ್ಟ್ರಾ ವಿಮಾನ ಏರಲು ಓಡುವಾಗ ಮುರಿದುಬಿದ್ದದ್ದು ಇಂಥ ಗಿರಕಿಯಲ್ಲೇ. ಜಗತ್ತು ಸುತ್ತಲು ಹೊರಟವರಿಗೂ ನೆಲ ರಿಯಾಯಿತಿ ಕೊಡಲಿಲ್ಲ.

ಇದರ ಮೇಲೆ ಗಾಳಿ. ಬಾಲದ ತುದಿಯಲ್ಲಿ ನಿಂತಿರುವ ರೆಕ್ಕೆಯನ್ನು ಗಾಳಿ ಹಿಂದಕ್ಕೆ ನೂಕುವುದರಿಂದ ಮೂಗು ಸದಾ ಗಾಳಿಗೆ ಎದುರಾಗಲು ಹವಣಿಸುತ್ತದೆ. ಇನ್ನು, ಎತ್ತುವ ಬಲ ಗಾಳಿಯ ವೇಗದ ವರ್ಗದಂತೆ ಬೆಳೆಯುತ್ತದೆ: ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ತಾಸಿಗೆ 65 ಕಿ.ಮೀ. ವೇಗದಲ್ಲಿ ಗಾಳಿಯಲ್ಲಿ ನಿಲ್ಲಬಲ್ಲ ವಿಮಾನವೊಂದು ಸುಮ್ಮನೆ ಹೊಲದಲ್ಲಿ ನಿಂತಿದೆ ಎನ್ನಿ. ಬಾಲ ತಗ್ಗಿ ಮೂಗು ಮೇಲಾಗಿರುವ ಆ ಭಂಗಿ ರೆಕ್ಕೆಗೆ ಏರುವ ಭಂಗಿಯೇ. 40 ಕಿ.ಮೀ.ಯ ಗಾಳಿ ಎದುರಿಗೆ ಬಡಿದರೆ ಅದರ ಭಾರದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚನ್ನು ರೆಕ್ಕೆ ಆಗಲೇ ಹೊತ್ತುಬಿಟ್ಟಿರುತ್ತದೆ. ಹೊರಗಿನವರ ಕಣ್ಣಿಗೆ ಅದು ನಿಂತ ವಿಮಾನ. ಗಾಳಿಯ ಪಾಲಿಗೆ ಅರೆಬರೆ ಹಾರುತ್ತಿರುವ ವಿಮಾನ.

ಹೀಗಾಗಿ ನೆಲದ ಮೇಲೂ ಪೈಲಟ್ ರೆಕ್ಕೆ, ಬಾಲಗಳನ್ನು ‘ಹಾರಿಸುತ್ತಲೇ’ ಇರಬೇಕಾಗುತ್ತದೆ. ಗಾಳಿ ಎದುರಿಗಿದ್ದರೆ ಕಂಟ್ರೋಲ್ ಹಿಂದಕ್ಕೆ. ಆಗ ಗಾಳಿಯೇ ಬಾಲವನ್ನು ನೆಲಕ್ಕೆ ಅದುಮುತ್ತದೆ. ಎದುರಿನಿಂದ ಓರೆಯಾಗಿ ಬಂದರೆ ಕಂಟ್ರೋಲನ್ನು ಗಾಳಿಯ ಕಡೆಗೆ ವಾಲಿಸಬೇಕು, ಆ ಬದಿಯ ರೆಕ್ಕೆ ಏಳದಂತೆ. ಗಾಳಿ ಹಿಂದಿನಿಂದ ಬಂದರೆ ಎಲ್ಲ ತಿರುವುಮುರುವು: ಕಂಟ್ರೋಲ್ ಮುಂದಕ್ಕೆ, ಗಾಳಿಯಿಂದ ಆಚೆ ಬದಿಗೆ. ಹಿಂದಿನಿಂದ ಓರೆಯಾಗಿ ಬರುವ ಗಾಳಿಯೇ ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಹುಡುಗ ಕಂಟ್ರೋಲ್ ಹಿಂದಕ್ಕೆ ಎಳೆದಿದ್ದರಿಂದ ಬಾಲದ ಹಲಗೆ ಮೇಲಕ್ಕೆ ಎದ್ದಿತ್ತು; ಹಿಂದಿನ ಗಾಳಿ ಅದರ ಅಡಿಗೆ ನುಗ್ಗಿ ಬಾಲವನ್ನೇ ಎತ್ತಿತು. ಬ್ರೇಕ್ ಒತ್ತಿದ್ದು ಉಳಿದ ಕೆಲಸ ಮುಗಿಸಿತು. ಕಂಟ್ರೋಲ್ ಮುಂದಕ್ಕೆ ತಳ್ಳಿದ್ದರೂ ಎಂಜಿನನ್ನು ಜೋರಾಗಿ ಏರಿಸುವ ಹಾಗಿಲ್ಲ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ಗಾಳಿ ಎದುರುಗಾಳಿಯ ಹಾಗೆ ಬಡಿದು ಅದೇ ಬಾಲವನ್ನು ಎತ್ತುತ್ತದೆ. ಉಳಿಯುವುದು ಒಂದೇ: ಮನುಷ್ಯ ಬಿರಬಿರನೆ ನಡೆಯುವ ವೇಗಕ್ಕಿಂತ ಹೆಚ್ಚಿಗೆ ಹೋಗದಿರುವುದು, ತಿರುಗುವುದಿದ್ದರೆ ಗಾಳಿ ಉಸಿರು ಹಿಡಿಯುವ ಹೊತ್ತಿಗೆ ಕಾಯುವುದು.

ಇಲ್ಲಿಂದ ನನ್ನ ವಿಚಾರ ಶುರು. ತನಿಖೆ ನಡೆದರೆ ವರದಿಯಲ್ಲಿ ‘ಪೈಲಟ್‌ನ ತಪ್ಪು’ ಎಂದು ಬರೆದು ಮುಗಿಸುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದು ಪ್ರಶ್ನೆಗೆ ಉತ್ತರವಾಗುವ ಬದಲು ಪ್ರಶ್ನೆಯ ಬಾಯಿಗೇ ಬೀಗ ಜಡಿಯುತ್ತದೆ.

ಕಂಟ್ರೋಲ್ ಹಿಂದಕ್ಕೆ ಎಳೆದು ಹಿಡಿಯುವುದು ಅವನಿಗೆ ಕಲಿಸಿದ ಒಳ್ಳೆಯ ಅಭ್ಯಾಸ. ಅದೇ ಅಭ್ಯಾಸ ಅರ್ಧ ನಿಮಿಷದ ಹಿಂದೆ ಅವನನ್ನು ಉಳಿಸಿತ್ತು. ವಿಮಾನ ನೂರೆಂಬತ್ತು ಡಿಗ್ರಿ ತಿರುಗಿತು, ಕೈ ತಿರುಗಲಿಲ್ಲ. ಒಳ್ಳೆಯ ಅಭ್ಯಾಸಕ್ಕೆ ಇರುವ ಅಪಾಯ ಇದು: ಕೆಟ್ಟ ಅಭ್ಯಾಸವನ್ನು ನಾವು ಅನುಮಾನಿಸುತ್ತೇವೆ, ಒಳ್ಳೆಯದನ್ನು ಕಣ್ಣುಮುಚ್ಚಿ ನಂಬುತ್ತೇವೆ. ಜೊತೆಗೆ ಇನ್ನೊಂದು ಮಾತಿದೆ, ಇದನ್ನು ಕಲಿಸುವವರೇ ಒಪ್ಪಿಕೊಳ್ಳಬೇಕು. ಗಾಳಿ ಜೋರಿದ್ದ ದಿನ ಹೊಸಬರನ್ನು ಹಾರಲು ಬಿಡುವುದಿಲ್ಲ, ಬಿಡಲೂಬಾರದು. ಆದರೆ ಹಾಗೆ ಕಾಪಾಡಿ ಕಾಪಾಡಿ ಬೆಳೆಸಿದವನು ಮೊದಲ ಸಲ ಗಾಳಿ ಕಾಣುವುದು ಒಬ್ಬನೇ ಇರುವಾಗ. ಇಳಿಯುವುದನ್ನು ಅವನು ನೂರು ಸಲ ಅಭ್ಯಾಸ ಮಾಡಿರುತ್ತಾನೆ, ಬಿರುಗಾಳಿಯಲ್ಲಿ ನೂರು ಗಜ ನೆಲದ ಮೇಲೆ ಹೋಗುವುದನ್ನು ಒಮ್ಮೆಯೂ ಇಲ್ಲ. ಇದರಲ್ಲಿ ತಪ್ಪು ಯಾರದೆಂದು ಕೇಳಿದರೆ ನಾನು ಹುಡುಗನ ಕಡೆಗೆ ಮಾತ್ರ ಬೆರಳು ತೋರಿಸಲಾರೆ.

ಆದರೆ ಅವನನ್ನು ಸುಲಭಕ್ಕೆ ಬಿಡಲೂ ಆರೆ. ಹಿರಿಯರು ಹಿಡಿಯುತ್ತೇವೆಂದಾಗ ಬೇಡವೆಂದನಲ್ಲ, ಅದನ್ನು ಏನೆಂದು ಕರೆಯೋಣ? ಅಹಂಕಾರ ಎನ್ನಲು ನಾಲಗೆ ತುದಿಗೆ ಬರುತ್ತದೆ. ಆದರೆ ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣದು. ವಿಮಾನವನ್ನೇ ಮುಟ್ಟಿ ನೋಡದ ಜನರನ್ನು ಅದರ ಹತ್ತಿರ ಬಿಟ್ಟುಕೊಂಡರೆ ಕೈಯೋ ಕೊರಳೋ ಹೋಗುತ್ತದೆ. ಆ ಎಚ್ಚರಿಕೆ ಸರಿಯಾದದ್ದೇ. ಅಹಂಕಾರವೂ ಎಚ್ಚರಿಕೆಯೂ ಹೊರಗಿನಿಂದ ನೋಡಿದರೆ ಒಂದೇ ಮಾತಾಡುತ್ತವೆ: ದೂರ ನಿಲ್ಲಿ. ಯಾವುದು ಯಾವುದೆಂದು ತಿಳಿಯಬೇಕಾದರೆ ಅವನು ಯಾವ ಮೂರನೇ ದಾರಿಯನ್ನು ನೋಡಲಿಲ್ಲ ಎಂದು ಹುಡುಕಬೇಕು.

ಮೂರನೇ ದಾರಿ ಎದುರಿಗೇ ಇತ್ತು. ಎಂಜಿನ್ ನಿಲ್ಲಿಸುವುದು. ಇಳಿದಲ್ಲೇ, ಗಾಳಿಗೆ ಮೂಗು ಕೊಟ್ಟು ನಿಂತ ವಿಮಾನವನ್ನು ಅಲ್ಲೇ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು, ರೆಕ್ಕೆಯನ್ನು ಆನಿಸಿರುವ ಕಂಬಿ ರೆಕ್ಕೆಗೆ ಕೂಡುವ ಜಾಗದಲ್ಲಿ ಆ ಬದಿಗೆ ಇಬ್ಬರು, ಈ ಬದಿಗೆ ಇಬ್ಬರನ್ನು ನಿಲ್ಲಿಸುವುದು. ಬಟ್ಟೆ ಹೊದಿಸಿದ ಮೈಯನ್ನು ಅದುಮಬೇಡಿ, ಕಂಬಿಯನ್ನಷ್ಟೇ ಹಿಡಿಯಿರಿ ಎಂದು ತೋರಿಸಿಕೊಡುವುದು. ಗೂಟ ಹೊಡೆದು ಹಗ್ಗ ಕಟ್ಟುವುದು. ದನ ಕಟ್ಟುವ ಊರಲ್ಲಿ ಗೂಟಕ್ಕೂ ಹಗ್ಗಕ್ಕೂ ಬರವೇ? ಹೊತ್ತು ಮುಳುಗಿ ಗಾಳಿ ಇಳಿದ ಮೇಲೆ ಜನರ ಕೈಯಲ್ಲಿ ತಳ್ಳಿಸಿಕೊಂಡು ಮೂಡಣ ತುದಿಗೆ ಹೋಗಿ, ಬೆಳಗಿನ ಶಾಂತ ಗಾಳಿಯಲ್ಲಿ ಏರುವುದು. ಹಿರಿಯರು ಹೇಳಿದ್ದೂ ಇಷ್ಟನ್ನೇ.

ಅವನಿಗೆ ಇದು ಹೊಳೆಯಲಿಲ್ಲ ಎಂದರೆ ನಾನು ನಂಬುವುದಿಲ್ಲ. ಹೊಳೆದಿತ್ತು, ಹಿಡಿಸಲಿಲ್ಲ. ಪ್ರೊಪೆಲ್ಲರನ್ನು ಕೈಯಿಂದ ತಿರುವಿ ಸ್ಟಾರ್ಟ್ ಮಾಡಬೇಕಾದ ಎಂಜಿನ್ ಅದು; ನಿಲ್ಲಿಸಿದರೆ ಮತ್ತೆ ತಿರುವಲು ಗೊತ್ತಿದ್ದವರು ಬೇಕು. ಅಂದರೆ ಜಕ್ಕೂರಿಗೆ ಸುದ್ದಿ ಮುಟ್ಟಿಸಬೇಕು. ಮುಟ್ಟಿಸಿದರೆ ದಾರಿ ತಪ್ಪಿದ್ದು ಗೊತ್ತಾಗುತ್ತದೆ. ಎಂಜಿನ್ ಓಡುತ್ತಿರುವವರೆಗೆ ಮಾತ್ರ ಇಲ್ಲಿ ಇಳಿದದ್ದು ಗುಟ್ಟಾಗಿ ಉಳಿದೀತು: ಅರ್ಧ ತಾಸು ತಡವಾಗಿ ಮಂಡಕಳ್ಳಿಯಲ್ಲಿ ಇಳಿದು, ಎದುರುಗಾಳಿ ಜೋರಿತ್ತು ಸಾರ್ ಎಂದರೆ ಮುಗಿಯಿತು. ಮೇಲಾಗಿ, ಆಕಾಶದಿಂದ ಇಳಿದು ಬಂದವನು ಊರವರ ಕೈಯಲ್ಲಿ ಕೆಟ್ಟ ಜೀಪಿನ ಹಾಗೆ ತಳ್ಳಿಸಿಕೊಳ್ಳುವುದೆಂದರೆ! ನೋಡಿದರೆ ಅವನ ತಪ್ಪಿನ ಬೇರು ಗಾಳಿಯ ಶಾಸ್ತ್ರದಲ್ಲಿ ಇಲ್ಲವೇ ಇಲ್ಲ. ಮೊದಲ ತಪ್ಪನ್ನು ಮುಚ್ಚಿಡುವ ಆತುರ ಅವನನ್ನು ಗಾಳಿಗೆ ಬೆನ್ನು ಮಾಡುವಂತೆ ಮಾಡಿತು. ಆ ಮೊದಲ ತಪ್ಪು, ದಾರಿ ತಪ್ಪುವುದು, ಕಲಿಯುವವರೆಲ್ಲ ಮಾಡುವಂಥದ್ದು. ಅದಕ್ಕೆ ಅವನು ತೆತ್ತದ್ದು ಒಂದು ವಿಮಾನ.

ಇಲ್ಲಿ ನಾನು ಒಂದು ನಿಜವಾದ ಘಟನೆಯನ್ನು ನೆನೆಯಲೇಬೇಕು. 1903ರ ಡಿಸೆಂಬರ್ 17ರಂದು ಕಿಟ್ಟಿ ಹಾಕ್ ಬಳಿಯ ಮರಳಿನಲ್ಲಿ ರೈಟ್ ಸಹೋದರರು ನಾಲ್ಕು ಸಲ ಹಾರಿದರು. ಕೊನೆಯದು ವಿಲ್ಬರ್‌ನದು: 59 ಸೆಕೆಂಡು, 852 ಅಡಿ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಆಮೇಲೆ ನಡೆದದ್ದು ಅಷ್ಟಾಗಿ ಗೊತ್ತಿಲ್ಲ. ವಿಮಾನವನ್ನು ಹೊತ್ತು ತಂದು ನಿಲ್ಲಿಸಿ, ಆಗ ತಾನೆ ಆದ ಹಾರಾಟದ ಮಾತಾಡುತ್ತ ನಿಂತಿದ್ದಾಗ ಗಾಳಿಯೊಂದು ಬೀಸಿ ಅದನ್ನು ಎತ್ತಿ ಉರುಳಿಸಿತು. ಬೆಳಗ್ಗೆ ಮೊದಲ ಹಾರಾಟದ ಚಿತ್ರ ತೆಗೆದಿದ್ದ ಜಾನ್ ಡೇನಿಯಲ್ಸ್ ಓಡಿ ಹೋಗಿ ಹಿಡಿದುಕೊಂಡ. ವಿಮಾನದ ಜೊತೆಗೇ ಉರುಳಿ, ತರಚು ಗಾಯಗಳಲ್ಲಿ ಬದುಕಿಕೊಂಡ. ಜಗತ್ತಿನ ಮೊದಲ ವಿಮಾನ ಆಮೇಲೆ ಎಂದೂ ಹಾರಲಿಲ್ಲ. ಅದು ಕೆಟ್ಟದ್ದು ಆಕಾಶದಲ್ಲಿ ಅಲ್ಲ, ನೆಲದ ಮೇಲೆ, ಎಲ್ಲರೂ ಸಂತೋಷದಲ್ಲಿದ್ದಾಗ.

ರೈಟ್ ಸಹೋದರರನ್ನು ಇದಕ್ಕಾಗಿ ಯಾರೂ ದೂರುವುದಿಲ್ಲ, ನಾನೂ ದೂರುವುದಿಲ್ಲ. ಆದರೆ ನಮ್ಮ ಹುಡುಗನ ಸ್ಥಿತಿ ಅದಕ್ಕೆ ದೂರದ್ದಲ್ಲ. ಅಪರಿಚಿತ ಹೊಲದಲ್ಲಿ ಅಷ್ಟು ಚೆಂದ ಇಳಿದವನ ಮನಸ್ಸು ಆಗಲೇ ತನಗೆ ತಾನು ಶಾಭಾಸ್ ಹೇಳಿಕೊಂಡಿರುತ್ತದೆ. ಕೆಲಸದ ಕಷ್ಟದ ಭಾಗ ಮುಗಿಯಿತು ಎಂದು ನಮಗೆ ನಾವೇ ಹೇಳಿಕೊಳ್ಳುವ ಗಳಿಗೆಯೂ ಕೆಲಸ ಮುಗಿಯುವ ಗಳಿಗೆಯೂ ಒಂದೇ ಆಗಿರುವುದು ಅಪರೂಪ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಬೇಡವೆನ್ನುವ ಜನ ನಾವು. ದೋಣಿಯನ್ನು ಕಟ್ಟಿಹಾಕುವ ಕೆಲಸ ಅಂಬಿಗನಿಗೆ ಉಳಿದೇ ಇರುತ್ತದೆ. 1932ರ ಅಕ್ಟೋಬರಿನಲ್ಲಿ ಟಾಟಾ ಏರ್‌ಮೇಲ್ ಮೊದಲ ಸಲ ಹೊರಟಾಗ ಕರಾಚಿಯಿಂದ ಮುಂಬಯಿವರೆಗೆ ಜೆ. ಆರ್. ಡಿ. ಟಾಟಾ ಹಾರಿಸಿದರು, ಅಲ್ಲಿಂದ ಮದ್ರಾಸಿಗೆ ನೆವಿಲ್ ವಿನ್ಸೆಂಟ್ ಒಯ್ದರು, ನಡುವೆ ಬಳ್ಳಾರಿಯಲ್ಲಿ ರಾತ್ರಿ ತಂಗಿ. ಅಂಚೆ ಬೆಳಗ್ಗೆ ಮುಂದಕ್ಕೆ ಹೋಗಬೇಕಾದರೆ ವಿಮಾನ ಆ ರಾತ್ರಿಯನ್ನು ಬಯಲಿನಲ್ಲಿ ಸುರಕ್ಷಿತವಾಗಿ ಕಳೆಯಲೇಬೇಕಿತ್ತು. ಹಾರಿಸಿದವರ ಹೆಸರು ಎಲ್ಲ ಪುಸ್ತಕದಲ್ಲೂ ಇದೆ, ಹಗ್ಗ ಬಿಗಿದವರದು ಇಲ್ಲ.

ಹಿರಿಯರ ಮಾತೊಂದು ಉಳಿಯಿತು. ಅವರಿಗೆ ಗಾಳಿ ಗೊತ್ತಿತ್ತು, ವಿಮಾನ ಗೊತ್ತಿರಲಿಲ್ಲ. ಹುಡುಗನಿಗೆ ವಿಮಾನ ಗೊತ್ತಿತ್ತು, ಆ ಊರಿನ ಗಾಳಿ ಗೊತ್ತಿರಲಿಲ್ಲ. ಇಬ್ಬರ ತಿಳಿವಳಿಕೆ ಸೇರಿದ್ದರೆ ಪ್ರಕರಣವೇ ಹುಟ್ಟುತ್ತಿರಲಿಲ್ಲ. ‘ಆಯ್ತು ಬುದ್ದಿ’ ಎಂದು ಅವರು ಹಿಂದೆ ಸರಿದದ್ದು ಸರಿಯೇ? ಎಂಜಿನ್ ನಿಲ್ಲಿಸಿ ಎಂದು ಇನ್ನೊಂದು ಸಲ ಗಟ್ಟಿಯಾಗಿ ಹೇಳಬಹುದಿತ್ತು, ಮುಂದೆ ಅಡ್ಡ ನಿಲ್ಲಬಹುದಿತ್ತು. ಹೇಳಲಿಲ್ಲ, ಏಕೆಂದರೆ ಪ್ಯಾಂಟು ತೊಟ್ಟು ಬಂದವನು ಹೇಳಿದ ಮೇಲೆ ಹೊಲದವನು ಮರುಮಾತಾಡುವುದು ನಮ್ಮಲ್ಲಿ ರೂಢಿಯಲ್ಲ. ಮೊಮ್ಮಗನ ವಯಸ್ಸಿನವನನ್ನು ಬುದ್ದಿ ಎಂದು ಕರೆಯುವ ಬಾಯಿಂದ ‘ನಿಲ್ಸು’ ಎಂಬ ಮಾತು ಹೊರಡುವುದು ಕಷ್ಟ. ಈ ಸಂಕೋಚವನ್ನು ವಿನಯ ಎಂದು ಹೊಗಳುವವರ ಜೊತೆ ನಾನಿಲ್ಲ. ಆದರೆ ಅದನ್ನು ಅವರ ತಪ್ಪಿನ ಖಾತೆಗೆ ಬರೆಯುವುದೂ ಅನ್ಯಾಯ. ತಲೆಮಾರುಗಳಿಂದ ಅವರಿಗೆ ಅದನ್ನೇ ಕಲಿಸಿದ್ದೇವೆ. ಕೇಳಿಸಿಕೊಳ್ಳುವ ಹೊಣೆ ಅಧಿಕಾರ ಇದ್ದವನದು, ಆ ಹೊತ್ತಿನಲ್ಲಿ ಅಧಿಕಾರ ಇದ್ದದ್ದು ಹುಡುಗನ ಕೈಯಲ್ಲಿ.

ತೀರ್ಪು ಕೊಡು ಎಂದರೆ ಕೊಡುತ್ತೇನೆ. ದಾರಿ ತಪ್ಪಿದ್ದಕ್ಕೆ ಶಿಕ್ಷೆ ಇಲ್ಲ. ಇಳಿದದ್ದಕ್ಕೆ, ದಾಖಲೆಯಲ್ಲಿ ಬರೆದು, ಮೆಚ್ಚುಗೆ. ವಿಮಾನ ಮಗುಚಿದ್ದಕ್ಕೆ ಕ್ಲಬ್ಬಿನವರು ಅವನ ಹಾರಾಟ ಆರು ತಿಂಗಳು ನಿಲ್ಲಿಸಿಯಾರು. ಅದರಿಂದ ಅವನು ಕಲಿಯುವುದು ಮುಂದಿನ ಸಲ ಇನ್ನೂ ಚೆನ್ನಾಗಿ ಮುಚ್ಚಿಡುವುದನ್ನು. ಅದರ ಬದಲು ಮುಂದಿನ ಆಷಾಢ ಪೂರ್ತಿ ಅವನನ್ನು ಜಕ್ಕೂರಿನ ಹುಲ್ಲಿನ ಮೇಲೆ ನಿಲ್ಲಿಸಿ, ಗಾಳಿ ಇರುವ ದಿನಗಳಲ್ಲಿ ಟ್ಯಾಕ್ಸಿ ಮಾಡುವ ಬೇರೆಯವರ ವಿಮಾನದ ರೆಕ್ಕೆ ಹಿಡಿದು ಜೊತೆಯಲ್ಲಿ ನಡೆಯುವ ಕೆಲಸಕ್ಕೆ ಹಚ್ಚಬೇಕು. ಗಾಳಿ ಎಲ್ಲಿಂದ ಎತ್ತುತ್ತದೆ ಎಂಬುದು ಕೈಗೆ ತಿಳಿಯಲಿ. ಇನ್ನೊಂದು ಬದಿಯ ರೆಕ್ಕೆಗೆ ಅವನ ಇನ್‌ಸ್ಟ್ರಕ್ಟರ್‌ರನ್ನು ನಿಲ್ಲಿಸಬೇಕು.